ಅಳತೆಗೆ ನಿಂತವರು

ಫೋಟೋ ತೆಗೆಯುತ್ತಾರೆಂಬ ಸುದ್ದಿ ಹಿಂದಿನ ದಿನವೇ ಕಿವಿಗೆ ಬಿದ್ದಿತ್ತು. ಹಾಗಾಗಿ ಹಣಮವ್ವ ಅವತ್ತು ಇಳಕಲ್ ಸೀರೆ ಉಟ್ಟು ಕೆಲಸಕ್ಕೆ ಬಂದಳು. ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕುವ ಕೆಲಸ. ಅದಕ್ಕೆ ಹಬ್ಬಕ್ಕೆ ಉಡುವ, ಕೆಂಪು ಟೋಪಿನ ಸೆರಗಿನ ಸೀರೆ. ಜೊತೆಯ ಹೆಂಗಸರಿಗೆ ನಗಲು ಇಷ್ಟು ಸಾಕಿತ್ತು.

"ಯಾಕ ಹಣಮಕ್ಕಾ, ಇವತ್ತ ನಿನ್ನ ನೋಡಾಕ ಬೀಗರು ಬರತಾರೇನ?" ಎಂದು ಕಾವೇರಿ ಕೇಳಿದಳು.

"ಬಂದ್ರ ಬರಲಿ ಬಿಡ. ನಮ್ಮ ಮನಿಯವ್ರು ಕುರಿ ಹೊಡಕೊಂಡು ಸಮೀರವಾಡಿ ಕಡೆ ಹೋಗ್ಯಾರ. ನನ್ನ ನೋಡಾಕ ಯಾರರ ಬೇಕಲ್ಲ!"

ಬೀಳಗಿ ತಾಲೂಕಿನ ಆ ಊರ ಹೊರಗೆ, ಅಣೆಕಟ್ಟಿನ ಹಿನ್ನೀರು ಕಾಣುವಷ್ಟು ಹತ್ತಿರದಲ್ಲಿ, ಒಂದು ದಿನ್ನೆ ಇದೆ. ಕೆರೆದರೆ ಬೂದಿ ಬರುತ್ತದೆ. ಊರವರು ಬೂದಿದಿನ್ನಿ ಅನ್ನುತ್ತಾರೆ. ಯಾವನೋ ರಾಕ್ಷಸನನ್ನು ಸುಟ್ಟ ಬೂದಿ ಎಂದು ಹಿಂದಿನವರು ನಂಬಿದ್ದರು. ಪುರಾತತ್ವದ ಅಗೆತಕ್ಕೆ ತಂಡ ಕಟ್ಟಿಕೊಂಡು ಬಂದ ಶ್ರೀಧರ ಸರ್, ಇದು ರಾಕ್ಷಸನದಲ್ಲ, ಸೆಗಣಿಯದು ಎಂದರು. ಸಾವಿರಾರು ವರ್ಷಗಳ ಹಿಂದೆ ದನ ಸಾಕುತ್ತಿದ್ದ ಜನ ಇಲ್ಲಿ ದೊಡ್ಡಿ ಕಟ್ಟಿ, ಸೆಗಣಿ ಒಟ್ಟಿ, ಆಗಾಗ ಬೆಂಕಿ ಇಟ್ಟು ಸುಡುತ್ತಿದ್ದರಂತೆ.

"ಇಷ್ಟ ಶೆಗಣಿ ಸುಟ್ಟಾರಂದ್ರ ಅವರು ನಮ್ಮ ಮಂದಿ ಅಲ್ಲ ತಗೋರಿ," ಎಂದು ಹಣಮವ್ವ ಹೇಳಿದ್ದಳು. "ನಮ್ಮವರಾಗಿದ್ರ ಹೊಲದವರಿಗೆ ಕೊಟ್ಟು ಜ್ವಾಳಾ ತರತಿದ್ರು."

ಕುರಿ ಸಾಕುವವರ ಮನೆಯವಳು. ಕಬ್ಬು ಕಡಿದ ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿಸಲು ರೈತರು ಮನೆ ತನಕ ಬಂದು ಕರೆಯುವುದನ್ನು ಹುಟ್ಟಿದಾಗಿನಿಂದ ನೋಡಿದವಳು. ಸೆಗಣಿ ಹಿಕ್ಕೆಯ ಬೆಲೆ ಅವಳಿಗೆ ಗೊತ್ತು. ಹೆಂಗಸರೆಲ್ಲ ನಕ್ಕರು. ಸಾಹೇಬರು ಮಾತ್ರ ನಗಲಿಲ್ಲ.

ಶ್ರೀಧರ ಸರ್ ಕೆಟ್ಟವರೇನಲ್ಲ. ಜಮಖಂಡಿಯ ಹಳೇ ವಾಡೆಯ ಮನೆತನ. ಮನೆಯಲ್ಲಿ ಮರಾಠಿ, ಕೆಲಸದಲ್ಲಿ ಕನ್ನಡ, ಸಿಟ್ಟು ಬಂದರೆ ಇಂಗ್ಲಿಷ್. ದಿನಾ ಜೀಪಿನಲ್ಲಿ ಬರುತ್ತಿದ್ದರು. ಬಿಸಿಲಿಗೆ ಅಗಲ ಅಂಚಿನ ಟೊಪ್ಪಿಗೆ, ಸೊಂಟಕ್ಕೆ ನೀರಿನ ಬಾಟಲಿ. ಮಡಕೆಯ ಚೂರೊಂದು ಕಂಡರೆ ಅವರ ದನಿಯೇ ಮೆತ್ತಗಾಗುತ್ತಿತ್ತು. "ಸಾವಕಾಶ, ಸಾವಕಾಶ, ಪೆಟ್ಟಾದೀತು" ಎಂದು ಅದನ್ನು ಅಂಗೈ ಮೇಲೆ ಇಟ್ಟುಕೊಂಡು ನಡೆಯುತ್ತಿದ್ದರು. ಎದುರಿಗೆ ತಲೆ ಮೇಲೆ ಬುಟ್ಟಿ ಹೊತ್ತ ಹೆಂಗಸು ಬಂದರೆ, "ಏ ಬಾಯಿ, ಸರಿ ಆ ಕಡೆ." ಯಾರ ಹೆಸರೂ ಅವರಿಗೆ ಗೊತ್ತಿರಲಿಲ್ಲ. ಎಲ್ಲ ಹೆಂಗಸರೂ ಅವರ ಮರಾಠಿಯಲ್ಲಿ ಏ ಬಾಯಿ. ಸಾವಿರಾರು ವರ್ಷಗಳ ಹಿಂದೆ ಸತ್ತಿದ್ದರೆ ಹಣಮವ್ವನಿಗೂ ಆ ಚೂರಿನಷ್ಟೇ ಮರ್ಯಾದೆ ಸಿಗುತ್ತಿತ್ತು. ಬದುಕಿದ್ದೇ ಅವಳ ತಪ್ಪು.

ಆ ದಿನ ಸಾಹೇಬರು ಏಣಿ ಹತ್ತಿ ನಿಂತು ಕ್ಯಾಮೆರಾ ಸರಿಮಾಡಿಕೊಂಡರು. ಕೆಳಗೆ ನೋಡಿ ಕೂಗಿದರು.

"ಏ ಬಾಯಿ, ನೀ ತಗ್ಗಿನ್ಯಾಗ ಇಳಿ. ಈ ಕೋಲು ಹಿಡಕೊಂಡು ನಿಲ್ಲು."

ಕೆಂಪು ಬಿಳಿ ಪಟ್ಟೆಯ ಅಳತೆಗೋಲು. ಹಣಮವ್ವ ಇಳಿದಳು. ಸೆರಗು ಸರಿಮಾಡಿಕೊಂಡಳು. ಮುಖ ಒರೆಸಿಕೊಂಡಳು. ಮತದಾರರ ಚೀಟಿಗೆ ಫೋಟೋ ತೆಗೆಸುವಾಗ ನಿಂತಂತೆ ಕ್ಯಾಮೆರಾವನ್ನೇ ದಿಟ್ಟಿಸಿ ನಿಂತಳು.

"ಈ ಕಡೆ ಅಲ್ಲ. ಮುಖ ಆ ಕಡೆ ಮಾಡು."

"ಯಾಕ್ರಿ?"

"ಮುಖ ಬಂದ್ರ ನೋಡೋರು ಮುಖಾನ ನೋಡ್ತಾರ. ಗ್ವಾಡಿ ನೋಡೂದಿಲ್ಲ. ನೀ ಬರೇ ಅಳತೆಗೆ ನಿಂತಾಕಿ."

ಹಣಮವ್ವ ತಿರುಗಿ ನಿಂತಳು. ಮಣ್ಣಿನ ಗೋಡೆಗೆ ಮುಖ, ಜಗತ್ತಿಗೆ ಬೆನ್ನು. ಫೋಟೋದಲ್ಲಿ ಟೋಪಿನ ಸೆರಗು ಬಂತು, ಕೈಬಳೆ ಬಂತು, ಕೋಲು ಬಂತು. ಹಣಮವ್ವ ಬರಲಿಲ್ಲ.

ತಾಡಪತ್ರಿಯ ನೆರಳಲ್ಲಿ ಹಲಗೆ ಮುಂದಿಟ್ಟುಕೊಂಡು ಕೂತಿದ್ದ ಮಾಯಾ ಇದನ್ನೆಲ್ಲ ನೋಡಿದಳು. ಅವಳು ಅಲ್ಲಿಯ ಚಿತ್ರಗಾರ್ತಿ. ಹಣಮವ್ವನ ಮಗಳು ಕೂಡ. ಮೊದಲನೆಯದು ಸಾಹೇಬರಿಗೆ ಗೊತ್ತಿತ್ತು, ಎರಡನೆಯದು ಗೊತ್ತಿರಲಿಲ್ಲ. ಇದು ಹಣಮವ್ವನದೇ ಅಪ್ಪಣೆ.

"ಅಲ್ಲಿ ನನ್ನ ಯವ್ವಾ ಅನಬ್ಯಾಡ," ಎಂದು ಅವಳು ಮೊದಲ ದಿನವೇ ಮಗಳಿಗೆ ಹೇಳಿದ್ದಳು. "ಬುಟ್ಟಿ ಹೊರಾಕಿ ಮಗಳು ಅಂತ ತಿಳಿದ್ರ ನಿನ್ನ ಕೈಯಾಗಿನ ಪೆನ್ಸಿಲ್ ಕಸಕೊಂಡು ಬುಟ್ಟಿ ಕೊಡತಾರ."

ಆಗಿನಿಂದ ದಿನ್ನೆಯ ಮೇಲೆ ಮಗಳು ಅವಳಿಗೆ "ಮೇಡಂ". ಆ ಮಾತನ್ನು ಹಣಮವ್ವ ಬಾಯಿ ಚಪ್ಪರಿಸಿ ಆಡುತ್ತಿದ್ದಳು. "ಮೇಡಂರೀ, ಚಾ ತಗೋರಿ. ಮೇಡಂರೀ, ಊಟಾ ಆತೇನ್ರಿ?" ರೊಟ್ಟಿ ಕಟ್ಟಿ ಕಳಿಸಿದವಳೇ ಊಟ ಆಯಿತೇ ಎಂದು ಕೇಳಿದಾಗ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಮಾಯಾ ನಗು ತಡೆದುಕೊಂಡು ಹಾಳೆಯತ್ತ ಬಗ್ಗುತ್ತಿದ್ದಳು.

ಮೊದಲು ಅವಳು ಬನಹಟ್ಟಿಯಲ್ಲಿ ಸೀರೆ ದಡಿಗಳಿಗೆ ನಕ್ಷೆ ಬರೆಯುತ್ತಿದ್ದಳು. ಗ್ರಾಫ್ ಹಾಳೆಯ ಮೇಲೆ ನವಿಲು, ತೇರು, ಕಮಲ. ಆ ಕೆಲಸವನ್ನು ಕಂಪ್ಯೂಟರು ನುಂಗಿತು. ಇಲ್ಲಿ ಮಡಕೆ ಚೂರು, ಕಲ್ಲಿನ ಕೊಡಲಿ, ಎಲುಬು, ಅಗೆದ ಗೋಡೆಯ ಒಂದೊಂದು ಪದರ ಬರೆಯುವ ಕೆಲಸ ಸಿಕ್ಕಿತು. ಹೇಗೆ ಬರೆಯಬೇಕೆಂದು ಶ್ರೀಧರ ಸರ್ ಅವರೇ ಕಲಿಸಿದ್ದರು. ಅದರಲ್ಲಿ ಎರಡು ಮಾತಿಲ್ಲ, ಅವರೇ ಗುರು.

"ಸಿಕ್ಕಿದ್ದನ್ನ ಗಟ್ಟಿ ಗೆರಿಯಾಗ ಬರಿ," ಎಂದಿದ್ದರು. "ಸಿಗಲಾರದ್ದು, ಊಹೆ ಮಾಡಿದ್ದು ಇದ್ರ ತುಂಡು ಗೆರಿ ಹಾಕು. ಇಲ್ಲದ್ದನ್ನ ಅದ ಅಂತ ಬರದ್ರ ಅದು ಸುಳ್ಳು. ಮತ್ತ ಅಳತೆ ಬೇಕು. ಸಣ್ಣ ಚಿತ್ರಕ್ಕ ಕೆಳಗ ಪಟ್ಟಿ, ದೊಡ್ಡ ಚಿತ್ರಕ್ಕ ಒಬ್ಬ ಮನುಷ್ಯಾ. ಅಳತೆ ಇಲ್ಲದ್ದು ಚಿತ್ರ ಅಲ್ಲ, ರಂಗೋಲಿ."

ಮಾಯಾ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು.

ಕೆಲವು ದಿನಗಳ ಮೇಲೆ ಬೂದಿಯ ಅಡಿಯಲ್ಲಿ ಒಂದು ಮನೆಯ ನೆಲ ಸಿಕ್ಕಿತು. ಸೆಗಣಿ, ಮಣ್ಣು ಕಲಸಿ ಸಾರಿಸಿದ ನೆಲ. ಮೇಲಿನ ಬೆಂಕಿಗೆ ಸುಟ್ಟು ಗಟ್ಟಿಯಾಗಿ ಉಳಿದಿತ್ತು. ಅದರಲ್ಲಿ ಬೆರಳಿನ ಗೆರೆಗಳು ಕಮಾನು ಕಮಾನಾಗಿ ಎದ್ದು ಕಾಣುತ್ತಿದ್ದವು. ಶ್ರೀಧರ ಸರ್ ಟೊಪ್ಪಿಗೆ ತೆಗೆದರು. ಕಣ್ಣಲ್ಲಿ ನೀರು. "ಯಾವಾಕೀನೋ ತಾಯಿ," ಎಂದರು, "ಎಷ್ಟು ಛಂದ ಕೈ ಆಡಿಸ್ಯಾಳ ನೋಡ್ರಿ!" ಪಕ್ಕದಲ್ಲೇ ನಿಂತಿದ್ದ ಕಾವೇರಿಗೆ, "ಏ ಬಾಯಿ, ನೆರಳು ಬೀಳ್ತದ, ಸರಿ" ಎಂದರು.

ಮಾಯಾ ಆ ನೆಲ ಬರೆಯಲು ಕುಳಿತಳು. ಕುಳಿತಳು ಅನ್ನುವುದು ಸುಳ್ಳು. ನೆಲ ತುಳಿಯುವಂತಿಲ್ಲ. ತಗ್ಗಿನ ಮೇಲೆ ಅಡ್ಡ ಹಲಗೆ ಹಾಕಿ, ಅದರ ಮೇಲೆ ಬೋರಲು ಮಲಗಿ, ದಾರದ ಚೌಕಟ್ಟಿನಲ್ಲಿ ಚೌಕ ಚೌಕ ನೋಡುತ್ತ ಬರೆಯಬೇಕು. ಎದೆಗೆ ಹಲಗೆ ಒತ್ತುತ್ತದೆ. ಕುತ್ತಿಗೆ ಸೆಟೆಯುತ್ತದೆ. ಬೆವರು ಹಾಳೆ ಮೇಲೆ ಬೀಳಬಾರದೆಂದು ಹಣೆಗೆ ವಸ್ತ್ರ ಕಟ್ಟಿಕೊಂಡಿದ್ದಳು. ಆ ಹೆಂಗಸಿನ ಬೆರಳು ಹೋದ ದಾರಿಯಲ್ಲೇ ಇವಳ ಪೆನ್ಸಿಲ್ ಹೋಗಬೇಕು.

ಹಣಮವ್ವ ಬುಟ್ಟಿ ಇಳಿಸಿ ಬಗ್ಗಿ ನೋಡಿದಳು.

"ಮೂಲಿ ಬಿಟ್ಟಾಳ ನೋಡ್ರಿ ಮೇಡಂರೀ. ಅತ್ತಿ ಇಲ್ಲದ ಮನಿ ಇರಬೇಕು."

"ಆ ಮೂಲಿ ಇನ್ನೂ ಅಗದಿಲ್ಲರಿ ಹಣಮವ್ವಾರ. ಮಣ್ಣಿನಾಗ ಐತಿ."

ಹಣಮವ್ವ ಹಿನ್ನೀರಿನ ಕಡೆ ನೋಡುತ್ತ ಮೆಲ್ಲಗೆ ಹೇಳಿದಳು. "ನಮ್ಮ ಹಳೀ ಮನೀನೂ ಹಿಂಗ ಸಾರಿಸಿ ಬಂದೇನಿ. ನೀರಾಗ ಹೋಗತೈತಿ ಅಂತ ಗೊತ್ತಿತ್ತು. ಗಾಡಿ ಹೇರಿ ನಿಂತಿತ್ತು. ಆದ್ರೂ ಹೊಲಸ ಮನಿ ಬಿಟ್ಟ ಹೋಗಾಕ ಮನಸ ಬರಲಿಲ್ಲ."

ಮುಳುಗಿದ ಮನೆಯ ಈ ಮಾತನ್ನು ಅವಳು ಮಗಳಿಗೂ ಎಂದೂ ಹೇಳಿರಲಿಲ್ಲ. ಮಾಯಾ ಪೆನ್ಸಿಲ್ ತಡೆದಳು. ಹಣಮವ್ವ ಸಿಂಬಿ ಸರಿಮಾಡಿಕೊಂಡು ಬುಟ್ಟಿ ಹೊತ್ತು ಹೊರಟೇಬಿಟ್ಟಳು.

ಆ ವಾರವೇ ಮೇಲಿನ ಕಚೇರಿಯ ಅಧಿಕಾರಿ ಸುಲಭಾ ಮೇಡಂ ನೆಲ ನೋಡಲು ಬರುವುದು ಗೊತ್ತಾಯಿತು. ಹಿಂದಿನ ದಿನ ಸಂಜೆ ಜಮಖಂಡಿಗೆ ಹೊರಡುವ ಅವಸರದಲ್ಲಿ ಶ್ರೀಧರ ಸರ್ ಜೀಪಿನಲ್ಲಿ ಕೂತೇ ಹೆಂಗಸರಿಗೆ ಹೇಳಿದರು.

"ನಾಳೆ ದೊಡ್ಡವರು ಬರ್ತಾರ. ಎಲ್ಲಾ ಸ್ವಚ್ಛ ಇರಬೇಕು. ನೆಲ ಅಂತೂ ಲಕಲಕ ಅನ್ನಬೇಕು. ನಿಮ್ಮ ಮನಿ ಅಂತ ತಿಳಕೊಂಡು ಮಾಡ್ರಿ."

ಜೀಪು ಹೋಯಿತು. ಮಾಯಾ ಇರಲಿಲ್ಲ, ಶಾಯಿ ಹಾಳೆ ತರಲು ರಬಕವಿಗೆ ಹೋಗಿದ್ದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡವರು ಬರುವಾಗ ನಮ್ಮ ಮನೆಯಾಗಿದ್ದರೆ ಏನು ಮಾಡುತ್ತೇವೆ? ಇದರಲ್ಲಿ ಕೇಳುವುದೇನಿದೆ? ಕಾವೇರಿ ಮನೆಗೆ ಓಡಿ ಆಕಳ ಹಸಿ ಸೆಗಣಿ ತಂದಳು. ಹಣಮವ್ವ ಸೀರೆ ಎತ್ತಿ ಕಟ್ಟಿ ತಗ್ಗಿಗಿಳಿದಳು. ಇಡೀ ನೆಲ ಸಾರಿಸಿದಳು. ನಡುವೆ ಕಮಲದ ರಂಗೋಲಿ ಹಾಕಿದಳು. ಬೀರೇಶ್ವರನನ್ನು ನೆನೆದು ಒಂದು ಚಿಟಿಕೆ ಭಂಡಾರದ ಅರಿಷಿಣ ಉದುರಿಸಿದಳು. ಎಲ್ಲರೂ ಮೇಲೆ ನಿಂತು ನೋಡಿ ಛಲೋ ಆತು ಎಂದರು.

ಬೆಳಿಗ್ಗೆ ಶ್ರೀಧರ ಸರ್ ಬಂದು ಬಗ್ಗಿ ನೋಡಿದರು. "ಅರೇ ದೇವಾ!" ಎಂದು ಅಲ್ಲೇ ಮಣ್ಣಿನ ಗುಪ್ಪೆ ಮೇಲೆ ಕುಸಿದರು. ಆಮೇಲೆ ಎದ್ದರು. ಮೊದಲು ಇಂಗ್ಲಿಷಿನಲ್ಲಿ ಬೈದರು. ಯಾರಿಗೂ ತಿಳಿಯುತ್ತಿಲ್ಲವೆಂದು ಕನ್ನಡಕ್ಕೆ ಬಂದರು.

"ಯಾರು ಹೇಳಿದ್ರು ನಿಮಗ? ಯಾರು ಹೇಳಿದ್ರು?"

"ನೀವ ಹೇಳೀರಲ್ರಿ," ಎಂದಳು ಹಣಮವ್ವ. ಅವಳ ಮುಖದಲ್ಲಿ ಇನ್ನೂ ಅರ್ಧ ನಗು ಇತ್ತು. "ನಿಮ್ಮ ಮನಿ ಅಂತ ತಿಳಕೋರಿ ಅಂತ."

"ಇದು ನಿಮ್ಮ ಮನಿ ಅಲ್ಲ!"

ಅಷ್ಟರಲ್ಲಿ ಸುಲಭಾ ಮೇಡಂ ಕಾರು ಬಂದು ನಿಂತಿತು. ಸರ್ ಅವರತ್ತ ಓಡಿದರು. "ಕ್ಷಮಾ ಮಾಡ್ರಿ ಮೇಡಂ. ಕುರಿ ಕಾಯೋ ಮಂದಿ. ಬುದ್ಧಿ ಅನ್ನೋದು ಇಲ್ಲ. ಮನುಷ್ಯರ ಮಾತು ತಿಳಿಯೂದಿಲ್ಲ ಇವರಿಗೆ." ಹಣಮವ್ವನ ಮುಖದ ಆ ಅರ್ಧ ನಗು ಎಲ್ಲಿ ಇಡಬೇಕೆಂದು ತಿಳಿಯದೆ ಅಲ್ಲೇ ಉಳಿಯಿತು.

ಹೆಂಗಸರು ಮಾಡಿದ್ದು ತಪ್ಪೇ. ಮಾಯಾಳಿಗೂ ತಗ್ಗು ನೋಡಿದಾಗಲೇ ಅದು ತಿಳಿದಿತ್ತು. ಆದರೆ ಹೇಳಿದವರ ಬಾಯಿಗೆ ಶಿಕ್ಷೆ ಆಗಲಿಲ್ಲ, ಮಾಡಿದವರ ಕೈಗೆ ಆಯಿತು. ಅರೆ ಒಣಗಿದ ಸೆಗಣಿಯನ್ನು ಬಿದಿರಿನ ಚಕ್ಕೆಯಿಂದ, ಬ್ರಶ್ಶಿನಿಂದ, ಕೊನೆಗೆ ಬರೀ ಬೆರಳಿನಿಂದ ಎಬ್ಬಿಸಿ ತೆಗೆಯಬೇಕು. ನೀರು ಹಾಕುವಂತಿಲ್ಲ. "ನೀನ ಮಾಡೀದಿ, ನೀನ ತೆಗಿ" ಎಂದು ಸರ್ ಹಣಮವ್ವನೊಬ್ಬಳನ್ನೇ ಇಳಿಸಿದರು. ಅವಳು ಮೊಣಕಾಲೂರಿ ಕೂತಳು. ಬಿಸಿಲು ಏರಿತು. ಬೂದಿಯ ಮಣ್ಣು ಕಾದು ಸುಡತೊಡಗಿತು. ಉಗುರಿನ ಸಂದಿಯಿಂದ ರಕ್ತ ಬಂತು. ಮೇಲೆ ಅಂಚಿನಲ್ಲಿ ನಿಂತು ಎಲ್ಲರೂ ನೋಡುತ್ತಿದ್ದರು.

ಮಾಯಾ ಹಲಗೆ ಬಿಟ್ಟು ಎದ್ದಳು. ಚಪ್ಪಲಿ ಕಳಚಿ ತಗ್ಗಿಗಿಳಿದು ಅವ್ವನ ಪಕ್ಕದಲ್ಲಿ ಮೊಣಕಾಲೂರಿದಳು.

"ಏ ಮಾಯಾ! ನೀ ಮ್ಯಾಲ ಬಾ. ಅದು ನಿನ್ನ ಕೆಲಸ ಅಲ್ಲ," ಎಂದರು ಸರ್.

ಮಾಯಾ ತಲೆ ಎತ್ತಲಿಲ್ಲ. ಬಿದಿರಿನ ಚಕ್ಕೆ ಕೈಗೆತ್ತಿಕೊಂಡಳು.

"ಮೇಡಂರೀ, ಹೋಗ್ರಿ," ಎಂದು ಹಣಮವ್ವ ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಹೋಗ ಬೇ ಹುಚ್ಚಿ."

ಅವಳು ಹೋಗಲಿಲ್ಲ. ಇಬ್ಬರೂ ಸಂಜೆವರೆಗೆ ಸೆಗಣಿ ಎಬ್ಬಿಸಿದರು. ಕೆಳಗಿನ ಹಳೆಯ ಗೆರೆಗಳು ಬಹುಪಾಲು ಉಳಿದಿದ್ದವು. ಸುಟ್ಟ ನೆಲಕ್ಕೆ ಹಸಿ ಸೆಗಣಿ ಅಷ್ಟಾಗಿ ಕಚ್ಚಿಕೊಂಡಿರಲಿಲ್ಲ. ಸಾಹೇಬರು ನಿಟ್ಟುಸಿರು ಬಿಟ್ಟರು. ಬಿಟ್ಟ ಮೇಲೆ ಹೇಳಿದರು, "ನಾಳಿಂದ ಈ ಹೆಂಗಸರು ಒಬ್ಬರೂ ಬ್ಯಾಡ." ತಂತಿ ಬೇಲಿಯ ಗೇಟು ಮುಚ್ಚಿತು. ಗುದ್ದಲಿ ಬುಟ್ಟಿಗೆ ಬೇರೆ ಊರಿನ ಗಂಡಸರು ಬಂದರು.

ಮನೆಯಲ್ಲಿ ಹಣಮವ್ವನಿಗೆ ರೊಟ್ಟಿ ಮುರಿಯಲು ಆಗಲಿಲ್ಲ. ಬೆರಳ ತುದಿಗಳು ಕಿತ್ತುಹೋಗಿದ್ದವು. ಮಾಯಾ ಮುರಿದು ಕೊಟ್ಟಳು.

"ನಾ ಹೇಳಿಬಿಡತೇನಿ ಬೇ ಯವ್ವಾ. ನೀ ನಮ್ಮವ್ವ ಅಂತ."

"ಹೇಳಿ? ಇಬ್ಬರೂ ಮನ್ಯಾಗ ಕೂತು ಏನ ಮಾಡೂನು? ಸುಮ್ಕಿರು." ಒಂದು ತುತ್ತು ನುಂಗಿದ ಮೇಲೆ ಹಣಮವ್ವನ ಕಣ್ಣಿನಲ್ಲಿ ತುಂಟತನ ಇಣುಕಿತು. "ಆದ್ರ ಖರೆ ಹೇಳ. ನಾ ಸಾರಿಸಿದ್ದು ಆ ಮದಲಿನಾಕಿಗಿಂತ ಛಲೋ ಇತ್ತಿಲ್ಲೋ?"

ಮಾಯಾ ನಗಲು ಹೋಗಿ ಅತ್ತುಬಿಟ್ಟಳು. ಅವಳಿಗೆ ಬೇಕಾಗಿದ್ದು ಒಂದೇ. ಅವ್ವ ಆ ಗೇಟು ದಾಟಿ ಮತ್ತೆ ಒಳಗೆ ಬರಬೇಕು, ಬೆನ್ನು ತೋರಿಸಿಕೊಂಡಲ್ಲ.

ಸುಲಭಾ ಮೇಡಂಗೆ ನೆಲ ಬಹಳ ಹಿಡಿಸಿತ್ತು. ಬೀಳಗಿಯಲ್ಲಿ ಒಂದು ಹಳೆಯ ಕಟ್ಟಡ ಕೊಟ್ಟು ಅಲ್ಲಿ ಪ್ರದರ್ಶನ ಮಾಡಿರಿ, ಗೋಡೆ ತುಂಬ ಅಂದಿನ ಬದುಕಿನ ಚಿತ್ರ ಇರಲಿ, ಸಾಲಿ ಮಕ್ಕಳು ನೋಡಲಿ ಎಂದು ಹೇಳಿ ಹೋಗಿದ್ದರು. ಶ್ರೀಧರ ಸರ್ ಮಾಯಾಳನ್ನು ಆ ಗೋಡೆಯ ಮುಂದೆ ನಿಲ್ಲಿಸಿ ಕೈ ಬೀಸಿ ಬೀಸಿ ವಿವರಿಸಿದರು.

"ನಡುವ ಒಬ್ಬ ಮುಖಂಡ. ಎತ್ತರದ ಆಳು. ಕೈಯಾಗ ದಂಡ. ಹಿಂದ ದನಾ. ಆ ಮೂಲ್ಯಾಗ ಹೆಂಗಸರು, ಶೆಗಣಿ ಬುಟ್ಟಿ ಹೊತ್ತಿರಲಿ. ಸಣ್ಣಗ. ಬೆನ್ನು ಈ ಕಡೆ ಇರಲಿ, ಅವರ ಮುಖ ಬ್ಯಾಡ."

"ಬೆನ್ನು ಬರಿಯೂದಿಲ್ಲರಿ ಸರ್," ಎಂದಳು ಮಾಯಾ.

ಸರ್ ನಕ್ಕರು. "ಯಾಕ? ಬೆನ್ನು ಬರಿಯೂದು ಸರಳ ಅಲ್ಲ?"

"ಬಾಳ ಸರಳ ಐತ್ರಿ. ಅದಕ್ಕ ಒಲ್ಲೆ."

ಸರ್ ಕನ್ನಡಕ ತೆಗೆದು ಅವಳನ್ನು ನೋಡಿದರು. ಇಷ್ಟು ದಿನ ಆತ್ರಿ ಎಂಬುದನ್ನು ಬಿಟ್ಟು ಬೇರೆ ಮಾತು ಆಡದ ಹುಡುಗಿ. "ಹಂಗಾರ ಪುಣೆಯಿಂದ ಬ್ಯಾರೆಯವರನ್ನ ಕರಸಬೇಕಾಗ್ತದ."

"ಕರಸ್ರಿ." ಕುಂಚಗಳನ್ನು ಒರೆಸಿ ಚೀಲಕ್ಕೆ ಹಾಕತೊಡಗಿದಳು. "ಹೆಂಗಸರ ಬೆನ್ನು ನಾ ಬರಿಯೂದಿಲ್ಲ. ಅಷ್ಟ ನೋಡ್ರಿ."

ಪುಣೆಯಿಂದ ಕರೆಸಲು ದಿನಗಳಿರಲಿಲ್ಲ. ಸರ್‌ಗೂ ಪುಣೆಯಲ್ಲೇ ಒಂದು ಸಮ್ಮೇಳನವಿತ್ತು. ಅವರು ಕೈ ಝಾಡಿಸಿದರು. "ಏನರ ಮಾಡಕೋ ಮಾರಾಯ್ತಿ. ಆದ್ರ ನಾ ಕಲಿಸಿದ್ದು ತಪ್ಪಬಾರದು. ಗೆರಿ ತಪ್ಪಬಾರದು, ಅಳತೆ ತಪ್ಪಬಾರದು."

"ತಪ್ಪೂದಿಲ್ಲರಿ ಸರ್."

ತಪ್ಪಲಿಲ್ಲ ಕೂಡ.

ಉದ್ಘಾಟನೆಯ ದಿನ ಗೋಡೆಗೆ ಪರದೆ ಬಿಟ್ಟಿತ್ತು. ಸರ್ ಪುಣೆಯಿಂದ ನೇರ ಬಂದಿದ್ದರು. ಒಳಗೆ ಕುರ್ಚಿಗಳಲ್ಲಿ ಊರಿನ ದೊಡ್ಡವರು. ಹಣಮವ್ವ, ಕಾವೇರಿ ಮತ್ತು ಜೊತೆಯ ಹೆಂಗಸರು ಬಾಗಿಲ ಹೊರಗೆ ನಿಂತಿದ್ದರು. ಕರೆದವರು ಯಾರೂ ಇರಲಿಲ್ಲ. ಹೊಸ್ತಿಲ ಹತ್ತಿರ ಬಂದಾಗ, "ಸಾಹೇಬ್ರು ಬ್ಯಾಡಂದಾರ" ಎಂದು ಕಾವಲುಗಾರ ತಡೆದಿದ್ದ.

ಸುಲಭಾ ಮೇಡಂ ದಾರ ಎಳೆದರು. ಪರದೆ ಬಿತ್ತು.

ಗೋಡೆಯ ನಡುವೆ ಒಬ್ಬ ಹೆಂಗಸು. ಮೊಣಕಾಲೂರಿ ನೆಲ ಸಾರಿಸುತ್ತಿದ್ದಾಳೆ. ಕೈ ಕಮಾನಿನಂತೆ ಹೊರಳುತ್ತಿದೆ. ಮುಖವೆತ್ತಿ, ನೋಡುವವರನ್ನೇ ದಿಟ್ಟಿಸುತ್ತಿದ್ದಾಳೆ. ಅರ್ಧ ನಗುತ್ತಿದ್ದಾಳೆ. ಅವಳ ಹಿಂದೆ ಬುಟ್ಟಿಯ ಹೆಂಗಸರು, ಎಲ್ಲರ ಮುಖವೂ ಈ ಕಡೆಗೇ. ದನಗಳು, ದೊಡ್ಡಿ, ಬೀಸುವ ಕಲ್ಲು. ಎಲ್ಲ ಗಟ್ಟಿ ಗೆರೆ. ದೂರದಲ್ಲಿ ದಂಡ ಹಿಡಿದ ಎತ್ತರದ ಆಳೊಬ್ಬ ನಿಂತಿದ್ದ. ಅವನು ಮಾತ್ರ ಅಡಿಯಿಂದ ಮುಡಿತನಕ ತುಂಡು ಗೆರೆ. ಅವನ ಮೈಯೊಳಗಿಂದ ಒಂದು ಎಮ್ಮೆ ಆರಾಮಾಗಿ ಕಾಣುತ್ತಿತ್ತು.

"ಈತ ಯಾಕೆ ಹೀಗೆ?" ಎಂದು ಸುಲಭಾ ಮೇಡಂ ಕೇಳಿದರು.

"ಆಂವ ಇನ್ನೂ ಸಿಕ್ಕಿಲ್ಲರಿ ಮೇಡಂ," ಎಂದಳು ಮಾಯಾ. "ಸಿಕ್ಕ ಮ್ಯಾಲ ಗಟ್ಟಿ ಮಾಡತೇನಿ."

ಕುರ್ಚಿಗಳಲ್ಲಿ ನಗು ಎದ್ದಿತು. ಶ್ರೀಧರ ಸರ್ ನಗಲಿಲ್ಲ. ಅವರು ಗುರುವಾಗಿ ಮುಂದೆ ಬಂದರು. "ಆ ಹೆಂಗಸಿನ ಬೆರಳು ಸಿಕ್ಕದ, ಒಪ್ಪಿದೆ. ಮುಖ ಎಲ್ಲಿ ಸಿಕ್ಕದ? ಮುಖಕ್ಕ ಪುರಾವೆ ಏನು?"

"ಮುಖ ಹೊರಗ ನಿಂತೈತ್ರಿ ಸರ್. ಬಾಗಿಲಾಗ. ಒಳಗ ಬಿಡವಲ್ಲರು."

ಎಲ್ಲರೂ ತಿರುಗಿ ನೋಡಿದರು. ಬಾಗಿಲಲ್ಲಿ ಹಣಮವ್ವ ನಿಂತಿದ್ದಳು, ಅದೇ ಇಳಕಲ್ ಸೀರೆಯಲ್ಲಿ. ಗೋಡೆಯ ಮುಖವೂ ಬಾಗಿಲ ಮುಖವೂ ಒಂದನ್ನೊಂದು ನೋಡುತ್ತಿದ್ದವು. ಸುಲಭಾ ಮೇಡಂ, "ಇವರನ್ನು ಹೊರಗೆ ಯಾಕೆ ನಿಲ್ಲಿಸಿದ್ದೀರಿ?" ಎಂದು ಸರ್ ಕಡೆ ನೋಡಿದರು. ಸರ್ ಬಾಗಿಲವರೆಗೆ ಹೋದರು.

"ಬಾ, ಬಾಯಿ. ಒಳಗ ಬಾ."

ಹಣಮವ್ವ ಕದಲಲಿಲ್ಲ. "ಯಾವ ಬಾಯೀನ ಕರದ್ರಿ? ಇಲ್ಲಿ ನಿಂತವರೆಲ್ಲಾ ಬಾಯಾರ ಅದೇವಿ."

ಸರ್ ಬಾಯಿ ತೆರೆದರು. ಹೆಸರು ಬರಲಿಲ್ಲ. ಸಹಾಯಕ್ಕೆ ಮಾಯಾಳ ಕಡೆ ನೋಡಿದರು. ಮಾಯಾ ಉಗುರಿಗೆ ಮೆತ್ತಿದ ಬಣ್ಣ ಕೆರೆಯುತ್ತ ನಿಂತಳು. ಸಭೆ ಕಾಯುತ್ತಿತ್ತು.

"ಹೆಸರು ಏನ್ರಿ ನಿಮ್ದು?" ಎಂದು ಸರ್ ಕೊನೆಗೆ ಕೇಳಿದರು.

"ಹಣಮವ್ವ."

"ಬರ್ರಿ ಹಣಮವ್ವಾ."

"ಈಕೀದು ಕೇಳ್ರಿ."

ಸರ್ ಕೇಳಿದರು. ಒಬ್ಬೊಬ್ಬರದೂ ಕೇಳಿದರು. ಒಬ್ಬೊಬ್ಬರೂ ಹೆಸರು ಹೇಳಿ ಹೊಸ್ತಿಲು ದಾಟಿದರು. ಕಾವೇರಿ ಒಳಗೆ ಬಂದವಳೇ ಗೋಡೆಯ ಬಲ ಮೂಲೆಗೆ ಕೈ ತೋರಿಸಿ, "ಅಯ್ಯ, ಈಂವ ಯಾಂವ ಬೇ?" ಎಂದು ಕೂಗಿದಳು.

ಅಲ್ಲಿ ಕೆಂಪು ಬಿಳಿ ಪಟ್ಟೆಯ ಕೋಲು ಹಿಡಿದು ಒಬ್ಬ ಮನುಷ್ಯ ನಿಂತಿದ್ದ. ಅಗಲ ಅಂಚಿನ ಟೊಪ್ಪಿಗೆ. ಸೊಂಟಕ್ಕೆ ನೀರಿನ ಬಾಟಲಿ. ಬೆನ್ನು ಈ ಕಡೆ.

ಶ್ರೀಧರ ಸರ್ ತಮ್ಮ ಸೊಂಟ ಮುಟ್ಟಿ ನೋಡಿಕೊಂಡರು. "ಇದು ನಾನೇನು?"

"ಅಳತಿಗ್ರಿ ಸರ್," ಎಂದಳು ಮಾಯಾ. "ದೊಡ್ಡ ಚಿತ್ರಕ್ಕ ಒಬ್ಬ ಮನುಷ್ಯಾ ಬೇಕು ಅಂತ ನೀವ ಹೇಳೀರಿ."

"ಮತ್ತ ಮುಖ?"

"ಮುಖ ಬಂದ್ರ ನೋಡೋರು ಮುಖಾನ ನೋಡ್ತಾರ್ರಿ. ಗ್ವಾಡಿ ನೋಡೂದಿಲ್ಲ."

ಹೆಂಗಸರು ಈ ಸಲ ಸೆರಗು ಬಾಯಿಗೆ ಒತ್ತಿಕೊಳ್ಳದೆ ನಕ್ಕರು. ಸುಲಭಾ ಮೇಡಂ ಕೂಡ ನಕ್ಕರು. ಸರ್ ಮುಖ ಕೆಂಪಾಯಿತು. ಬೆನ್ನಿನ ಮೇಲೆ ನಗು ಬೀಳುವುದು ಹೇಗಿರುತ್ತದೆಂದು ಅವರಿಗೆ ಅವತ್ತು ತಿಳಿಯಿತು.

ಹಣಮವ್ವ ನಗಲಿಲ್ಲ. ಅವಳು ಗೋಡೆಯ ಹತ್ತಿರ ಹೋಗಿ ತನ್ನನ್ನು ತಾನು ಮೇಲಿಂದ ಕೆಳಗೆ ನೋಡಿದಳು. ನೆಲ ನೋಡಿದಳು. ಮೂಲೆಯೊಂದರಲ್ಲಿ ಸಾರಣೆಯ ಗೆರೆಗಳು ತುಂಡು ತುಂಡಾಗಿದ್ದವು. ಅವಳ ಹುಬ್ಬು ಗಂಟಾಯಿತು. ಮೇಡಂ ಅನ್ನುವುದು ಮರೆತೇಹೋಯಿತು.

"ಏ ಮಾಯಾ, ಮೂಲಿ ಅರ್ಧಾ ಬಿಟ್ಟೀಯಲ್ಲ! ನೋಡಿದ ಮಂದಿ ನನಗ ಅಂತಾರ."

"ಆ ಮೂಲಿ ಇನ್ನೂ ಅಗದಿಲ್ಲ ಬೇ ಯವ್ವಾ."

ಮಾತು ಬಾಯಿಂದ ಹೋದ ಮೇಲೆ ಇಬ್ಬರಿಗೂ ಗೊತ್ತಾಯಿತು. ಸರ್ ತಾಯಿಯ ಮುಖ ನೋಡಿದರು, ಮಗಳ ಮುಖ ನೋಡಿದರು. ಅದೇ ಹಣೆ, ಅದೇ ಮೂಗು. ದಿನಾ ಕಣ್ಣೆದುರೇ ಇತ್ತು. ಅವರ ಕೈಯಲ್ಲಿ ಟೊಪ್ಪಿಗೆ ತಿರುಗತೊಡಗಿತು.

"ಯವ್ವಾ?" ಎಂದರು.

"ಹೌದ್ರಿ. ನಮ್ಮವ್ವ," ಎಂದಳು ಮಾಯಾ.

ಹಣಮವ್ವ ಮಗಳ ಕಡೆ ಒಮ್ಮೆ ಕಣ್ಣು ಬಿಟ್ಟು ನೋಡಿದಳು. ಆಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಸಾಹೇಬರ ಎದುರಿಗೆ ನಿಂತಳು.

"ಆ ಮೂಲಿ ಅಗಿಯೂದು ಯಾವಾಗ್ರಿ?"

"ಸೋಮವಾರ," ಎಂದರು ಸರ್. ದನಿ ಮಡಕೆ ಚೂರು ಹಿಡಿದಾಗಿನಷ್ಟು ಮೆತ್ತಗಿತ್ತು. "ಬರ್ರಿ ಹಣಮವ್ವಾ. ಎಲ್ಲಾರೂ ಬರ್ರಿ."

"ಬರತೇವಿ. ಬುಟ್ಟಿ ಹೊರತೇವಿ, ಮಣ್ಣ ಸಾಣಸತೇವಿ. ಸಾರಸೂದಿಲ್ಲ ಬಿಡ್ರಿ, ಹೆದರಬ್ಯಾಡ್ರಿ." ಅವಳು ಗೋಡೆಯ ಮೇಲಿನ ಟೊಪ್ಪಿಗೆಯ ಮನುಷ್ಯನತ್ತ ಗದ್ದ ತಿರುವಿದಳು. "ಆದ್ರ ಕೋಲ ಹಿಡದು ನಿಲ್ಲೂದು ಇನ್ನ ಮ್ಯಾಲ ಆಂವ. ನಾ ನಿಂತ್ರ ಮುಖ ಈ ಕಡೆ ಮಾಡಿ ನಿಲ್ಲತೇನಿ."